ದೆವ್ವಕ್ಕೂ ಒಂದು ಕಟ್ಟುಪಾಡು ಬೇಕು

ಪ್ರಶ್ನೆ: ನಾನು ಚಿಂತಾಮಣಿಯವಳು, ಡಿಗ್ರಿ ಓದುತ್ತಿದ್ದೇನೆ. ಹಾರರ್, ಸೈನ್ಸ್ ಫಿಕ್ಷನ್ ಅಂದರೆ ಪ್ರಾಣ. ಆದರೆ ನೋಡಿದ ಹತ್ತು ಸಿನಿಮಾದಲ್ಲಿ ಎಂಟು ಇಂಟರ್‌ವಲ್‌ವರೆಗೆ ಹೆದರಿಸಿ ಆಮೇಲೆ ಸಪ್ಪೆಯಾಗುತ್ತವೆ. ಅದೇ ನಮ್ಮಜ್ಜಿ ಹೇಳುವ 'ನಾಳೆ ಬಾ' ಕತೆ ಎಷ್ಟು ಸಲ ಕೇಳಿದರೂ ಮೈ ಜುಮ್ಮೆನ್ನುತ್ತದೆ. ಯಾಕೆ ಹೀಗೆ? ಇನ್ನೊಂದು. ನಾವು ನಾಲ್ಕು ಜನ ಗೆಳತಿಯರು ಸೇರಿ ಒಂದು ವೆಬ್ ಸೀರೀಸ್ ಬರೆಯಬೇಕೆಂದಿದ್ದೇವೆ. "ನಮ್ಮ ಕಡೆ ಸೈನ್ಸ್ ಫಿಕ್ಷನ್‌ಗೆ ಏನಿದೆ, ಕತೆ ಬೆಂಗಳೂರಲ್ಲಾದರೂ ನಡೆಯಬೇಕು" ಅಂತ ಒಬ್ಬಳು ಹಟ ಹಿಡಿದಿದ್ದಾಳೆ. ನೀವೇನಂತೀರಿ?

ಉತ್ತರ: ನಿಮ್ಮ ಅಜ್ಜಿಯ ಕತೆಯಿಂದಲೇ ಶುರು ಮಾಡುತ್ತೇನೆ. ಚಿತ್ರಕಥೆಯ ತರಗತಿಗಳಲ್ಲಿ ನಾನು ಮೊದಲ ದಿನ ಹೇಳುವುದೂ ಅದೇ ಕತೆಯನ್ನು.

ತೊಂಬತ್ತರ ದಶಕದಲ್ಲಿ ನಾವು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೆವು. ಒಂದು ಸಂಜೆ ಶಾಲೆ ಬಿಟ್ಟು ಬರುವಷ್ಟರಲ್ಲಿ ಕೇರಿಯ ಅಷ್ಟೂ ಬಾಗಿಲುಗಳ ಮೇಲೆ ಸುಣ್ಣದಲ್ಲೋ ಇದ್ದಿಲಲ್ಲೋ 'ನಾಳೆ ಬಾ' ಎಂದು ಬರೆದಾಗಿತ್ತು. ರಾತ್ರಿ ಹೊತ್ತು ಒಬ್ಬಳು ಬರುತ್ತಾಳಂತೆ, ಬಾಗಿಲು ಬಡಿಯುತ್ತಾಳಂತೆ, ನಿಮ್ಮವರದೇ ದನಿಯಲ್ಲಿ ನಿಮ್ಮ ಹೆಸರು ಹಿಡಿದು ಕೂಗುತ್ತಾಳಂತೆ. ತೆರೆದರೆ ಮುಗಿಯಿತು. ಬಾಗಿಲ ಮೇಲೆ ಬರೆದಿದ್ದರೆ ಓದಿಕೊಂಡು ಹೊರಟುಹೋಗುತ್ತಾಳೆ. ಮರುದಿನ ಬರುತ್ತಾಳೆ, ಮತ್ತೆ ಓದುತ್ತಾಳೆ, ಮತ್ತೆ ಹೋಗುತ್ತಾಳೆ. ನಮ್ಮಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ಬರೆಸಿದಳು, ಸರಿಯಾಗಿ ಬರೆದೆಯಾ ಎಂದು ಮೂರು ಸಲ ಕೇಳಿದಳು. ಆ ರಾತ್ರಿ ಚಾಪೆಯ ಮೇಲೆ ಮಲಗಿ ನಾನು ಯೋಚಿಸುತ್ತಿದ್ದದ್ದು ಒಂದೇ: 'ಳೆ' ಸರಿ ಬರೆದೆನೋ ಇಲ್ಲವೋ. ನನ್ನ ಅಕ್ಷರ ಅವಳಿಗೆ ತಿಳಿಯದೆ ಹೋದರೆ?

ಈಗ ಆ ಕತೆಯನ್ನು ಬಿಡಿಸಿ ನೋಡಿ. ಅವಳು ಯಾರ ಮಗಳು, ಹೇಗೆ ಸತ್ತಳು, ಯಾರ ಮೇಲೆ ಸೇಡು ಎಂದು ನಮ್ಮೂರಲ್ಲಿ ಒಬ್ಬರೂ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಮುಖ ಹೇಗಿತ್ತೋ ಗೊತ್ತಿಲ್ಲ. ಗೊತ್ತಿದ್ದದ್ದು ಅವಳ ಕಟ್ಟುಪಾಡು ಮಾತ್ರ. ಬಡಿಯುತ್ತಾಳೆ, ಕೂಗುತ್ತಾಳೆ, ಓದುತ್ತಾಳೆ, ಓದಿದ್ದಕ್ಕೆ ತಲೆಬಾಗುತ್ತಾಳೆ. ಬೀಗದ ಕೈ ನಮ್ಮ ಹತ್ತಿರವೇ ಇದೆ, ಬರೀ ಎರಡು ಮಾತು. ಆದರೆ ಆ ಬೀಗದ ಕೈಗೆ ಬೆಲೆ ಇದೆ. ತುಮಕೂರಿನ ಕೊನೇ ಬಸ್ಸು ತಪ್ಪಿಸಿಕೊಂಡು ನಡೆದೇ ಬಂದ ಅಣ್ಣ ನಡುರಾತ್ರಿ ಹೊಸಿಲಲ್ಲಿ ನಿಂತು 'ಅಮ್ಮಾ' ಎಂದು ಕೂಗಿದರೂ ತೆರೆಯುವಂತಿಲ್ಲ. ಹೆತ್ತ ಮಗನ ದನಿಯನ್ನೇ ನಂಬಬಾರದು ಎಂದು ತಾಯಿಯನ್ನು ಕಟ್ಟಿಹಾಕುವ ಕತೆ ಅದು. ನಿಮಗೆ ಪ್ರತಿ ಸಲವೂ ಮೈ ಜುಮ್ಮೆನ್ನುವುದು ಅಲ್ಲಿ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಹಾರರ್ ಆಗಲಿ ಸೈನ್ಸ್ ಫಿಕ್ಷನ್ ಆಗಲಿ, ನಿಲ್ಲುವುದು ಒಂದು ಕಟ್ಟುಪಾಡಿನ ಮೇಲೆ. ಅದು ಸಣ್ಣದಿರಬೇಕು, ನೋಡುವವರಿಗೆ ಬೇಗ ಅರ್ಥವಾಗಬೇಕು, ಕೊನೆಯವರೆಗೆ ಸಡಿಲವಾಗಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಅದನ್ನು ಪಾಲಿಸುವವರು ತಮ್ಮ ಪ್ರಾಣಕ್ಕೆ ಹತ್ತಿರವಾದದ್ದೊಂದನ್ನು ತೆರಬೇಕು. ಈ ಕೊನೆಯದನ್ನು ಮರೆತ ಸಿನಿಮಾ ಎಷ್ಟು ಖರ್ಚು ಮಾಡಿದರೂ ಹೆದರಿಸಲಾರದು.

1979ರ 'ಏಲಿಯನ್' ನೋಡಿದ್ದೀರಿ ಅಂದುಕೊಳ್ಳುತ್ತೇನೆ. ಅದರ ಜೀವಿಯ ರೂಪದ ಬಗ್ಗೆ, ಅದನ್ನು ಕಲ್ಪಿಸಿದ ಗೀಗರ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಲೆಕ್ಕದಲ್ಲಿ ಆ ಚಿತ್ರವನ್ನು ಎತ್ತಿ ಹಿಡಿದಿರುವುದು ಜೀವಿಯ ರಕ್ತ. ಅದರ ರಕ್ತ ಆಮ್ಲ. ಮೊದಲ ಗಾಯಕ್ಕೇ ಅಂತರಿಕ್ಷ ಹಡಗಿನ ಒಂದು ಅಂತಸ್ತು ತೂತಾಗಿ, ಅದರ ಕೆಳಗಿನದೂ ತೂತಾಗಿ, ಜನ ಏಣಿ ಇಳಿದು ಓಡುವ ದೃಶ್ಯವಿದೆಯಲ್ಲ, ಅಲ್ಲಿಗೆ ಕಟ್ಟುಪಾಡು ಗೊತ್ತಾಯಿತು. ಹೊಡೆದರೆ ನೀವು ನಿಂತಿರುವ ನೆಲವೇ ಕರಗುತ್ತದೆ, ನೆಲದ ಆಚೆ ಬರೀ ಶೂನ್ಯ. "ಗುಂಡು ಹೊಡೆದು ಮುಗಿಸಬಾರದೇ" ಎಂದು ಕೇಳುವ ಪ್ರೇಕ್ಷಕನ ಬಾಯಿ ಆ ಒಂದು ದೃಶ್ಯದಲ್ಲೇ ಮುಚ್ಚಿಹೋಯಿತು. ಇನ್ನು ಉಳಿದ ಹೊತ್ತೆಲ್ಲ ಜೀವಿಯನ್ನು ತೋರಿಸಬೇಕಾದ ತುರ್ತೇ ಇಲ್ಲ. ಅದು ಪರದೆಯ ಮೇಲೆ ಇರುವುದು ಕೆಲವೇ ನಿಮಿಷ.

ಮೂರು ವರ್ಷದ ಮೇಲೆ, 1982ರಲ್ಲಿ, ಜಾನ್ ಕಾರ್ಪೆಂಟರ್ ಅವರ 'ದಿ ಥಿಂಗ್' ಬಂತು. ಆಗ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು, ವಿಮರ್ಶಕರೂ ಅಟ್ಟಾಡಿಸಿದರು. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಬಿದ್ದ ಹನ್ನೆರಡು ಗಂಡಸರ ನಡುವೆ ಯಾರ ರೂಪವನ್ನಾದರೂ ಹೊತ್ತುಕೊಳ್ಳಬಲ್ಲ ಒಂದು ಜೀವಿ ಸೇರಿಕೊಂಡಿದೆ. ಕಟ್ಟುಪಾಡು ಏನೆಂದರೆ, ಅದರ ಒಂದೊಂದು ತೊಟ್ಟು ರಕ್ತವೂ ಬಿಡಿ ಜೀವ. ಬಿಸಿ ತಂತಿ ತಗುಲಿದರೆ ಆ ತೊಟ್ಟು ತನ್ನ ಪ್ರಾಣ ಉಳಿಸಿಕೊಳ್ಳಲು ನೆಗೆಯುತ್ತದೆ. ಎಲ್ಲರನ್ನೂ ಕಟ್ಟಿ ಕೂರಿಸಿ ಒಬ್ಬೊಬ್ಬರ ರಕ್ತಕ್ಕೆ ತಂತಿ ಅದ್ದುವ ಆ ದೃಶ್ಯದಲ್ಲಿ ಜೀವಿಗಿಂತ ಮೊದಲು ಸತ್ತಿರುವುದು ನಂಬಿಕೆ. 'ನಾಳೆ ಬಾ' ಬಾಗಿಲ ಹಿಂದಿನ ತಾಯಿಯ ಸಂಕಟ ಇಲ್ಲೂ ಇದೆ. ಎದುರಿಗಿರುವುದು ಗೆಳೆಯನದೇ ದನಿ, ಆದರೂ ತೆರೆಯುವಂತಿಲ್ಲ.

2018ರ 'ಎ ಕ್ವಯೆಟ್ ಪ್ಲೇಸ್'ನಲ್ಲಿ ಸದ್ದು ಮಾಡಿದರೆ ಸಾವು. ಇಷ್ಟೇ ಆಗಿದ್ದರೆ ಅದು ಮಕ್ಕಳ ಆಟ. ಬರೆದವರು ಆ ಮನೆಗೆ ಒಬ್ಬ ತುಂಬು ಗರ್ಭಿಣಿಯನ್ನು ತಂದರು. ಮೆಟ್ಟಿಲಲ್ಲಿ ಎದ್ದುನಿಂತ ಮೊಳೆ, ಬರಿಗಾಲು, ಹೆರಿಗೆ ನೋವು, ಮತ್ತು ಅಳಲೇಬೇಕಾದ ಒಂದು ಕೂಸು. ಕಟ್ಟುಪಾಡಿಗೆ ಬೆಲೆ ಕಟ್ಟುವುದು ಎಂದರೆ ಇದು. ನೀವು ಬರೆಯುವಾಗ ಮೊದಲು ಕಟ್ಟುಪಾಡು ಹಾಕಿ, ಆಮೇಲೆ ಅದನ್ನು ಪಾಲಿಸುವುದು ಯಾರಿಗೆ ಅತ್ಯಂತ ಕಷ್ಟವೋ ಅವರನ್ನು ಆ ಮನೆಗೆ ಕರೆತನ್ನಿ.

ಇನ್ನು ಇಂಟರ್‌ವಲ್ ವಿಚಾರ. ನಮ್ಮ ಕಡೆಯ ಹೆಚ್ಚಿನ ಹಾರರ್ ಚಿತ್ರಗಳ ದ್ವಿತೀಯಾರ್ಧದಲ್ಲಿ ಏನಾಗುತ್ತದೆ ನೋಡಿ. ಒಂದು ಫ್ಲ್ಯಾಶ್‌ಬ್ಯಾಕ್ ಬರುತ್ತದೆ. ದೆವ್ವ ಹಿಂದೆ ಒಳ್ಳೆಯ ಹೆಣ್ಣುಮಗಳಾಗಿದ್ದಳು, ಊರ ದೊಡ್ಡವನು ಅನ್ಯಾಯ ಮಾಡಿದ, ಈಗ ಸೇಡು. ಅಲ್ಲಿಂದ ನಾವು ದೆವ್ವದ ಪಕ್ಷ. ಅವಳು ಖಳನನ್ನು ಎತ್ತಿ ಒಗೆದಾಗ ಥಿಯೇಟರಿನಲ್ಲಿ ಶಿಳ್ಳೆ. ಶಿಳ್ಳೆ ಹೊಡೆಯುವ ಬಾಯಲ್ಲಿ ಹೆದರಿಕೆ ಇರುವುದಿಲ್ಲ. ಈ ಮಾದರಿಯನ್ನು ನಾನು ಹೀಗಳೆಯುತ್ತಿಲ್ಲ. ಬದುಕಿದ್ದಾಗ ನ್ಯಾಯ ಸಿಗದ ಹೆಣ್ಣು ಸತ್ತ ಮೇಲೆ ಕೇಳಲು ಬರುತ್ತಾಳೆ ಎನ್ನುವುದು ನಮ್ಮ ಜನಪದದ ತುಂಬ ಇದೆ, ನಮ್ಮೂರುಗಳ ಎಷ್ಟೋ ಮಾಸ್ತಿಕಲ್ಲು, ಅಮ್ಮನ ಗುಡಿಗಳ ಹಿಂದೆಯೂ ಅಂಥ ಕತೆಗಳಿವೆ. ಆದರೆ ಅದು ಕರುಣೆಯ ಕತೆ, ಕೋಪದ ಕತೆ. ಕರುಣೆ ಬಂದ ಕಡೆ ಭಯ ನಿಲ್ಲುವುದಿಲ್ಲ. ಮೊದಲರ್ಧದಲ್ಲಿ ಒಂದು ಕತೆಯ ಕಟ್ಟುಪಾಡು, ಎರಡನೆಯರ್ಧದಲ್ಲಿ ಇನ್ನೊಂದು ಕತೆಯ ಕಟ್ಟುಪಾಡು ಆದ್ದರಿಂದಲೇ ನಿಮಗೆ ಸಪ್ಪೆ ಎನಿಸುತ್ತಿರುವುದು.

ಇದೇ ಜಾಗದಲ್ಲಿ ಜಪಾನಿನ 'ರಿಂಗು' ಮಾಡಿದ್ದನ್ನು ನೋಡಿ. 1998ರ ಚಿತ್ರ. ಒಂದು ವಿಡಿಯೋ ಕ್ಯಾಸೆಟ್ ನೋಡಿದವರು ಏಳು ದಿನಕ್ಕೆ ಸಾಯುತ್ತಾರೆ. ಪತ್ರಕರ್ತೆಯಾದ ತಾಯಿ ಹುಡುಕುತ್ತಾ ಹೋಗಿ ಹಳೇ ಬಾವಿಯೊಳಗೆ ಇಳಿದು, ಅನ್ಯಾಯವಾಗಿ ಸತ್ತ ಹುಡುಗಿಯ ಮೂಳೆಗಳನ್ನು ಎತ್ತಿ ಎದೆಗವಚಿಕೊಳ್ಳುತ್ತಾಳೆ. ನಮ್ಮ ಸಿನಿಮಾ ಅಲ್ಲಿಗೆ ಮುಗಿದು ಶುಭಂ ಬೀಳುತ್ತಿತ್ತು. ಆ ಚಿತ್ರದಲ್ಲಿ ಮರುದಿನವೂ ಸಾವು ಬರುತ್ತದೆ, ಟಿವಿಯೊಳಗಿಂದಲೇ ತೆವಳಿಕೊಂಡು ಬರುತ್ತದೆ. ಅವಳಿಗೆ ನ್ಯಾಯ ಬೇಕಿರಲಿಲ್ಲ. ಉಳಿಯುವ ದಾರಿ ಒಂದೇ, ಕ್ಯಾಸೆಟ್ಟಿನ ನಕಲು ಮಾಡಿ ಬೇರೊಬ್ಬರಿಗೆ ತೋರಿಸುವುದು. ಮಗನನ್ನು ಉಳಿಸಿಕೊಳ್ಳಲು ತಾಯಿ ಸಾವನ್ನು ಹಂಚಬೇಕು. ಕೊನೆಗೆ ಅವಳು ಕಾರು ಹತ್ತಿ ಯಾರ ಮನೆಗೆ ಹೊರಡುತ್ತಾಳೆ ಎಂಬುದನ್ನು ನೋಡಿಯೇ ತಿಳಿಯಿರಿ. ನಾನು ಮೊದಲ ಸಲ ನೋಡಿದಾಗ ಟಿವಿ ಆರಿಸಿದ ಮೇಲೂ ಅದರ ಎದುರೇ ಕೂತಿದ್ದೆ, ಬೆನ್ನು ಹಾಕಲು ಆಗಲಿಲ್ಲ.

ನಮ್ಮಲ್ಲಿ ಕಟ್ಟುಪಾಡನ್ನು ಬಲ್ಲವರು ಇಲ್ಲವೆಂದಲ್ಲ. ಪವನ್ ಕುಮಾರ್ ಅವರ 2016ರ 'ಯೂ ಟರ್ನ್' ನನಗೆ ಬಹಳ ಇಷ್ಟ. ಬೆಂಗಳೂರಿನ ಒಂದು ಫ್ಲೈಓವರ್ ಮೇಲೆ ಡಿವೈಡರಿನ ಕಲ್ಲು ಸರಿಸಿ ಗಾಡಿ ತಿರುಗಿಸಿಕೊಂಡವರು ಸಾಯುತ್ತಾರೆ. ದಿನಾ ಸಾವಿರ ಜನ ಕಣ್ಣೆದುರಿಗೇ ಮಾಡುವ ಸಣ್ಣ ತಪ್ಪು, ಎರಡು ನಿಮಿಷ ಉಳಿಸುವ ಆಸೆ. ಆ ಸಣ್ಣತನವನ್ನೇ ಹಿಡಿದು ಕಟ್ಟಿದ್ದಾರೆ, ಅದಕ್ಕೇ ಅದು ನಮ್ಮ ರಸ್ತೆಯ ದೆವ್ವ. ಹಿಂದಿಯ 'ತುಂಬಾಡ್' ಕೂಡ 2018ರದು. ಅದರಲ್ಲಿ ಚಿನ್ನ ಇಟ್ಟುಕೊಂಡಿರುವ ಹಸ್ತರ ಎಂಬ ಶಪಿತ ದೇವರಿಗೆ ಹಿಟ್ಟಿನ ಹಸಿವು, ಅವನು ಹಿಟ್ಟಿನ ಗೊಂಬೆ ತಿನ್ನುವಷ್ಟು ಹೊತ್ತು ಮಾತ್ರ ಚಿನ್ನದ ನಾಣ್ಯ ಕದಿಯಬಹುದು, ಸುತ್ತ ಹಾಕಿದ ಹಿಟ್ಟಿನ ಗೆರೆಯನ್ನು ಅವನು ದಾಟುವುದಿಲ್ಲ. ಕೊನೆಯಲ್ಲಿ ಕಟ್ಟುಪಾಡನ್ನು ಯಾರೂ ಮುರಿಯುವುದಿಲ್ಲ. ಒಂದು ಗೊಂಬೆಗೆ ಇಷ್ಟು ಚಿನ್ನವಾದರೆ ಹಲವು ಗೊಂಬೆಗೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ, ಅಷ್ಟೆ. ಕಟ್ಟುಪಾಡು ತನ್ನ ಪಾಡಿಗೆ ತಾನು ಕೆಲಸ ಮಾಡಿ ಅವರನ್ನು ನುಂಗುತ್ತದೆ. ನೀವು ಬರೆಯುವ ಮುನ್ನ ಆ ಕೊನೆಯ ಇಪ್ಪತ್ತು ನಿಮಿಷಗಳನ್ನು ಪೆನ್ನು ಹಿಡಿದು ನೋಡಿ.

ಸೈನ್ಸ್ ಫಿಕ್ಷನ್‌ನಲ್ಲಿ ಕಟ್ಟುಪಾಡು ಹಾಕುವುದು ಪ್ರಕೃತಿಯೇ. 'ಇಂಟರ್‌ಸ್ಟೆಲ್ಲಾರ್' (2014) ಚಿತ್ರದಲ್ಲಿ ಬೆಳಕನ್ನೂ ಬಿಡದೆ ಸೆಳೆದುಕೊಳ್ಳುವ ದೊಡ್ಡ ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಹತ್ತಿರದ ಒಂದು ನೀರಿನ ಗ್ರಹವಿದೆ. ಅಲ್ಲಿ ಒಂದು ಗಂಟೆ ಕಳೆದರೆ ಭೂಮಿಯ ಮೇಲೆ ಏಳು ವರ್ಷ. ಗುರುತ್ವ ಬಲವಾದಲ್ಲಿ ಕಾಲ ನಿಧಾನ ಎನ್ನುವುದು ಐನ್‌ಸ್ಟೈನರ ಸಾಪೇಕ್ಷತೆ. ಭೌತವಿಜ್ಞಾನಿ ಕಿಪ್ ಥಾರ್ನ್ ಅವರೇ ಆ ಚಿತ್ರಕ್ಕೆ ಸಲಹೆಗಾರರು. ಆದರೆ ಜನ ಅತ್ತದ್ದು ಸಾಪೇಕ್ಷತೆಗಲ್ಲ. ಸ್ವಲ್ಪ ಹೊತ್ತು ಸಿಕ್ಕಿಹಾಕಿಕೊಂಡು ಹಡಗಿಗೆ ಮರಳಿದ ಅಪ್ಪ, ಇಪ್ಪತ್ತಮೂರು ವರ್ಷದ ವಿಡಿಯೋ ಸಂದೇಶಗಳ ಮುಂದೆ ಕೂತು ಮಕ್ಕಳು ತನ್ನ ವಯಸ್ಸಿಗೆ ಬಂದದ್ದನ್ನು ನೋಡುತ್ತಾನಲ್ಲ, ಅದಕ್ಕೆ. ಗಲ್ಫಿಗೆ ಹೋಗಿ ಮಗಳ ಮದುವೆಗೆ ಬಂದಿಳಿದ ಅಪ್ಪಂದಿರನ್ನು ಕಂಡವರಿಗೆ ಆ ದೃಶ್ಯ ಹೊಸದಲ್ಲ. ಭೌತನಿಯಮ ಬೆಲೆ ಕೇಳಿತು, ಅವನು ತೆತ್ತ. ಸೈನ್ಸ್ ಫಿಕ್ಷನ್ ಎಂದರೆ ನನಗೆ ಇದು. ಲೇಸರು, ಹಾರುವ ಕಾರು ಎಲ್ಲ ಸಾಮಾನು.

ಟಿವಿ ಬಗ್ಗೆ ಎರಡು ಮಾತು, ನೀವು ಸೀರೀಸ್ ಬರೆಯುವವರಾದ್ದರಿಂದ. ಕತೆ ಉದ್ದವಾದಷ್ಟೂ ಕಟ್ಟುಪಾಡು ಜಾರುತ್ತದೆ. 'ಟ್ವಿಲೈಟ್ ಝೋನ್' 1959ರಿಂದ 64ರವರೆಗೆ 156 ಕಂತು ನಡೆಯಿತು, ಪ್ರತಿ ಕಂತಿಗೂ ಬೇರೆ ಕತೆ, ಬೇರೆ ಕಟ್ಟುಪಾಡು. ಇವತ್ತಿಗೂ ಅದು ಹಳಸಿಲ್ಲ. 1993ರಲ್ಲಿ ಶುರುವಾದ 'ಎಕ್ಸ್ ಫೈಲ್ಸ್'ನಲ್ಲಿ ಅನ್ಯಗ್ರಹದವರ ಪಿತೂರಿಯ ದೊಡ್ಡ ಕತೆ ವರ್ಷದಿಂದ ವರ್ಷಕ್ಕೆ ಗಂಟುಗಂಟಾಯಿತು. ಒಂದೇ ಕಂತಿಗೆ ಮುಗಿಯುವ ಬಿಡಿ ಕತೆಗಳು ಮಾತ್ರ ಗಟ್ಟಿಯಾಗಿ ಉಳಿದವು. 'ಸ್ಟ್ರೇಂಜರ್ ಥಿಂಗ್ಸ್' ಮೊದಲ ಸೀಸನ್‌ನಲ್ಲಿ ಎಂಟೇ ಕಂತು. ಕಾಣೆಯಾದ ಮಗ ದೀಪಗಳ ಮೂಲಕ ಮಾತ್ರ ಮಾತಾಡಬಲ್ಲ, ತಾಯಿ ಗೋಡೆ ಮೇಲೆ ಅಕ್ಷರ ಬರೆದು ಒಂದೊಂದಕ್ಕೂ ಒಂದು ಬಲ್ಬು ಕಟ್ಟುತ್ತಾಳೆ. ಗೋಡೆಯ ಮೇಲೆ ಅಕ್ಷರ, ಮತ್ತೆ ನಮ್ಮ ಬಾಗಿಲು ನೆನಪಾಯಿತು. ಮುಂದಿನ ಸೀಸನ್‌ಗಳಲ್ಲಿ ರಾಕ್ಷಸರು ದೊಡ್ಡವರಾದರು, ಆ ಒಂದು ಗೋಡೆಯ ಮುಂದೆ ಕೂತಾಗಿನ ಎದೆಬಡಿತ ನನಗೆ ಮತ್ತೆ ಸಿಗಲಿಲ್ಲ. 'ಡಾಕ್ಟರ್ ಹೂ' ಸರಣಿಯ 'ಬ್ಲಿಂಕ್' ಎಂಬ 2007ರ ಕಂತನ್ನು ಬಿಡಿಯಾಗಿಯೇ ನೋಡಬಹುದು. ಯಾರೂ ನೋಡದಾಗ ಮಾತ್ರ ಚಲಿಸುವ ಕಲ್ಲಿನ ಮೂರ್ತಿಗಳು, ಕಣ್ಣು ಮಿಟುಕಿಸಿದರೆ ಹತ್ತಿರ ಬರುತ್ತವೆ. ಶಿಲ್ಪಗಳ ನಡುವೆ ಬೆಳೆದ ನಮಗೆ, ನಂದಿಯ ಭೋಗನಂದೀಶ್ವರ ಗುಡಿಯ ಕಂಬಗಳ ಮಧ್ಯೆ ಮುಸ್ಸಂಜೆ ಓಡಾಡಿದವರಿಗೆ, ಅದು ಇನ್ನಷ್ಟು ತಟ್ಟುತ್ತದೆ. ಕನ್ನಡದಲ್ಲಿ ನನ್ನ ವಯಸ್ಸಿನವರೆಲ್ಲ ನೆನೆಯುವುದು ದೂರದರ್ಶನದಲ್ಲಿ ಬಂದ ಸದಾನಂದ ಸುವರ್ಣರ 'ಗುಡ್ಡದ ಭೂತ'ವನ್ನು. ಅದರ 'ಡೆನ್ನಾನ ಡೆನ್ನಾನ' ಹಾಡು ಶುರುವಾದರೆ ಊರಿಗೊಂದೇ ಇದ್ದ ಟಿವಿಯ ಮುಂದೆ ಮಕ್ಕಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂರುತ್ತಿದ್ದೆವು. ನಿಮ್ಮದೂ ಆರು ಕಂತು ಮೀರದಿರಲಿ.

ಈಗ ನಿಮ್ಮ ಗೆಳತಿಯ ಮಾತು. ನಮ್ಮ ಕಡೆ ಏನಿದೆ ಎಂದಳಲ್ಲ, ಚಿಂತಾಮಣಿಯಿಂದ ಬಸ್ಸು ಹತ್ತಿಸಿ ಕರೆದುಕೊಂಡು ಹೋಗಿ.

ಕೆಜಿಎಫ್‌ಗೆ ಹೋಗಿ ಮೊದಲು. ಸಿನಿಮಾ ಬಂದ ಮೇಲೆ ಎಲ್ಲರಿಗೂ ಚಿನ್ನ, ಗೂಂಡಾ ನೆನಪಾಗುತ್ತದೆ. ಅದಕ್ಕಿಂತ ದೊಡ್ಡ ಕತೆ ಅಲ್ಲಿ ನಡೆದದ್ದು 1965ರಲ್ಲಿ. ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನವರ ಜೊತೆ ಸೇರಿ ಉಪಕರಣ ಹೂಡಿ ಕಾದರು. ಅಷ್ಟು ಆಳ ಯಾಕೆಂದರೆ, ಆಕಾಶದಿಂದ ಸುರಿಯುವ ಉಳಿದ ಕಣಗಳನ್ನೆಲ್ಲ ಮೇಲಿನ ಬಂಡೆ ತಡೆದುಬಿಡುತ್ತದೆ. ಯಾವುದಕ್ಕೂ ತಡೆಯಾಗದೆ ಭೂಮಿಯನ್ನೇ ತೂರಿಕೊಂಡು ಹೋಗುವ ನ್ಯೂಟ್ರಿನೋ ಮಾತ್ರ ಅಲ್ಲಿಗೆ ಬರಬಲ್ಲದು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಜಗತ್ತಿಗೆ ಮೊದಲು ಸಿಕ್ಕಿದ್ದು ಅದೇ ವರ್ಷ, ಕೋಲಾರದ ಗಣಿಯಲ್ಲಿ ಮತ್ತು ದಕ್ಷಿಣ ಆಫ್ರಿಕಾದ ಒಂದು ಗಣಿಯಲ್ಲಿ. ಯೋಚಿಸಿ: ಕತ್ತಲು, ಸೆಕೆ, ಆಗಾಗ ಗುಡುಗಿನಂತೆ ಬಂಡೆ ಸಿಡಿದು ಮೇಲಿನ ಊರಿನ ಮನೆಗಳೂ ಅದುರುತ್ತಿದ್ದ ಗಣಿ. ಅದರ ಹೊಟ್ಟೆಯಲ್ಲಿ ಕೆಲವರು ಕೂತು, ಯಾರಿಗೂ ಕಾಣದ್ದೊಂದು ಬರುತ್ತದೆಂದು ಕಾಯುತ್ತಿದ್ದಾರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ಸುರಂಗಗಳಿಗೆ ಈಗ ನೀರು ತುಂಬಿದೆ. ಬೇರೆ ದೇಶದಲ್ಲಾಗಿದ್ದರೆ ಇದರ ಮೇಲೆ ಇಷ್ಟು ಹೊತ್ತಿಗೆ ಎಷ್ಟು ಸೀರೀಸ್ ಬಂದಿರುತ್ತಿದ್ದವೋ!

ಗೌರಿಬಿದನೂರು ನಿಮ್ಮದೇ ಜಿಲ್ಲೆ. ಅಲ್ಲಿ 1965ರಿಂದ ಭೂಕಂಪ ಮಾಪಕಗಳ ಒಂದು ಸಾಲು ನೆಲದ ಮಿಡಿತ ಕೇಳುತ್ತಾ ಕೂತಿದೆ, ದೂರದ ದೇಶಗಳು ನೆಲದಡಿ ನಡೆಸುವ ಅಣುಸ್ಫೋಟವನ್ನೂ ಪತ್ತೆಹಚ್ಚಲೆಂದು ಹಾಕಿದ್ದು. ಅದೇ ತಾಲ್ಲೂಕಿನಲ್ಲಿ ಸಾವಿರ ಆಂಟೆನಾಗಳ ರೇಡಿಯೋ ದೂರದರ್ಶಕ ಎಪ್ಪತ್ತರ ದಶಕದಿಂದ ಆಕಾಶ ಕೇಳಿದೆ. ಒಂದು ಕಿವಿ ನೆಲಕ್ಕೆ, ಒಂದು ಕಿವಿ ಮುಗಿಲಿಗೆ, ನಡುವೆ ಮುಸುಕಿನ ಜೋಳದ ಹೊಲ. ಒಂದು ರಾತ್ರಿ ಎರಡೂ ಕಿವಿಗೆ ಒಂದೇ ಲಯ ಕೇಳಿಸಿತು ಎಂದು ಶುರು ಮಾಡಿ, ನನಗಂತೂ ಎರಡನೇ ಕಂತು ಬೇಕೇ ಬೇಕು. ಪಾವಗಡದ ತಿರುಮಣಿ ಕಡೆ ಹೋದರೆ 13 ಸಾವಿರ ಎಕರೆಯಲ್ಲಿ ಸೋಲಾರ್ ಫಲಕಗಳು, 2,050 ಮೆಗಾವ್ಯಾಟ್. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಕಡಲೆಕಾಯಿ ಬೆಳೆಯುತ್ತಿದ್ದ ಕೈಗಳು ಈಗ ಬೇಲಿಯಾಚೆ ನಿಂತು ಕನ್ನಡಿಯಂಥ ನೆಲ ನೋಡುತ್ತವೆ. ಬೆಂಗಳೂರಿನ ಯಾವ ಗಾಜಿನ ಕಟ್ಟಡದಲ್ಲೂ ಇಷ್ಟು ಭವಿಷ್ಯ ಕಾಣುವುದಿಲ್ಲ.

ಕಟ್ಟುಪಾಡು ಕಟ್ಟುವುದು ಹೇಗೆಂದು ಒಂದು ಮಾದರಿ ಕೊಡುತ್ತೇನೆ, ಬೇಕಾದರೆ ತೆಗೆದುಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಗೆ ನದಿಯ ಆಸರೆ ಕಡಿಮೆ, ಬದುಕು ಬೋರ್‌ವೆಲ್ ಮೇಲೆ. ಸಾವಿರದೈನೂರು ಅಡಿ ಕೊರೆಸಿ, ಬರೀ ದೂಳು ಬಂದು, ಸಾಲ ಹೊತ್ತು ಕೂತ ಮನೆ ಪ್ರತಿ ಊರಲ್ಲೂ ಇದೆ. ಅಂಥ ಒಂದು ಮನೆಗೆ ಕೊನೇ ಪ್ರಯತ್ನದಲ್ಲಿ ನೀರು ಬಂತು ಅನ್ನಿ, ಸಿಹಿನೀರು, ಇಡೀ ಊರಿಗೆ ಸಾಕಾಗುವಷ್ಟು. ಕಟ್ಟುಪಾಡು ಒಂದೇ: ಹೊತ್ತು ಮುಳುಗಿದ ಮೇಲೆ ಮೋಟಾರು ಹಾಕುವಂತಿಲ್ಲ. ಹಾಕಿದರೆ ಕೇಸಿಂಗ್ ಪೈಪಿನಿಂದ ನೀರಿನ ಜೊತೆ ಇನ್ನೇನೋ ಮೇಲೆ ಬರುತ್ತದೆ. ಅದೇನೆಂದು ಆರನೇ ಕಂತಿನವರೆಗೆ ತೋರಿಸಬೇಡಿ. ಆದರೆ ನಮ್ಮ ಹಳ್ಳಿಗಳಲ್ಲಿ ತ್ರೀ ಫೇಸ್ ಕರೆಂಟು ಎಷ್ಟೋ ಸಲ ಕೊಡುವುದೇ ರಾತ್ರಿ. ಬೇಸಿಗೆ, ಟೊಮೆಟೊ ಗಿಡ ಬಾಡುತ್ತಿದೆ, ಸಾಲದ ಕಂತು ಹತ್ತಿರ ಬಂದಿದೆ, ರಾತ್ರಿ ಹನ್ನೊಂದಕ್ಕೆ ಸ್ಟಾರ್ಟರ್ ಪೆಟ್ಟಿಗೆಯ ಮೂರೂ ದೀಪ ಹೊತ್ತಿಕೊಂಡಿತು. ಅಪ್ಪ ಟಾರ್ಚು ಹಿಡಿದು ಎದ್ದ. ಈ ದೃಶ್ಯಕ್ಕೆ ಗ್ರಾಫಿಕ್ಸ್ ಬೇಡ, ಕರ್ಕಶ ಸಂಗೀತವೂ ಬೇಡ. ದೂರದಲ್ಲಿ ಪಕ್ಕದ ಹೊಲದ ಮೋಟಾರು ಓಡುವ ಸದ್ದು, ನಾಯಿ, ಚಪ್ಪಲಿಯ ಸದ್ದು ಸಾಕು. ನಮ್ಮ ಜನಕ್ಕೆ ಆ ಸ್ವಿಚ್ಚಿನ ಭಾರ ಗೊತ್ತು.

ಬರೆಯಲು ಕೂರುವ ಮೊದಲು ಒಂದು ಕೆಲಸ ಮಾಡಿ. ಅಜ್ಜಿಯ ಹತ್ತಿರ ಹೋಗಿ, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, 'ನಾಳೆ ಬಾ' ಕತೆ ಮತ್ತೆ ಕೇಳಬೇಡಿ; ಆ ದಿನಗಳ ಬಗ್ಗೆ ಕೇಳಿ. ಬಾಗಿಲ ಮೇಲೆ ಬರೆದದ್ದು ಯಾರು, ಎಷ್ಟು ದಿನ ಅಳಿಸದೆ ಇಟ್ಟರು, ರಾತ್ರಿ ನಿಜವಾಗಿಯೂ ಯಾರಾದರೂ ಬಂದು ಬಾಗಿಲು ಬಡಿದದ್ದುಂಟೇ, ಬಡಿದಾಗ ಒಳಗಿದ್ದವರು ಏನು ಮಾಡಿದರು. ಹಿತ್ತಲ ಬಾಗಿಲಿಗೂ ಬರೆದಿದ್ದರೇ ಎಂದು ಮರೆಯದೆ ಕೇಳಿ. ನಮ್ಮ ಮನೆಯಲ್ಲಿ ಬರೆದಿರಲಿಲ್ಲ. ಆ ರಾತ್ರಿ ಅದು ಹೊಳೆದದ್ದು ನನಗೊಬ್ಬನಿಗೇ, ಅಮ್ಮನನ್ನು ಎಬ್ಬಿಸಿ ಹೇಳಲು ಧೈರ್ಯ ಬರಲಿಲ್ಲ.